ಅಕ್ಕನ ನಾಯಿಮನೆಯಲ್ಲಿ ಮಾತು ಬಿಟ್ಟ ನಾಲ್ಕು ದಿನ

ನನಗೆ ನಾಯಿಗಳೆಂದರೆ ಅಷ್ಟಕ್ಕಷ್ಟೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ನನ್ನನ್ನು ದೊಡ್ಡ ಪ್ರಾಣಿಪ್ರೇಮಿ ಎಂದುಕೊಳ್ಳಬಾರದು. ಮೂವತ್ತೊಂದು ವರ್ಷ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡಿದವಳು ನಾನು. ಹಾಸಿಗೆಯ ಮೇಲೆ ಒಂದೇ ಒಂದು ಕೂದಲು ಕಂಡರೂ ನನಗೆ ಮೈಯೆಲ್ಲ ಕಡಿತ ಶುರುವಾಗುತ್ತದೆ. ಅಂಥವಳು ನಿವೃತ್ತಿಯಾದ ಮೇಲೆ ಸೇರಿಕೊಂಡದ್ದು, ಹೋಗಿ ಹೋಗಿ, ಅಕ್ಕನ ನಾಯಿಮನೆಗೆ. ಹಣೆಬರಹ ಎನ್ನದೆ ಇನ್ನೇನು ಎನ್ನಲಿ?

ಹಾಗೆಂದು ಅಕ್ಕ ನಾಯಿ ಸಾಕುವವಳಲ್ಲ. ತನ್ನದು ಅಂತ ಅವಳಿಗೆ ಒಂದು ನಾಯಿಯೂ ಇಲ್ಲ. ಪರವೂರಿಗೆ ಹೋಗುವವರು, ಆಸ್ಪತ್ರೆ ಸೇರುವವರು, ಮನೆಗೆ ಬಣ್ಣ ಬಳಿಸುವವರು ತಮ್ಮ ನಾಯಿಯನ್ನು ತಂದು ಇವಳ ಹತ್ತಿರ ಬಿಡುತ್ತಾರೆ. ಕೆಲಸ ಮುಗಿದ ದಿನ ಬಂದು ಕರೆದುಕೊಂಡು ಹೋಗುತ್ತಾರೆ. ಮೂರು ಕೋಣೆ, ಒಂದು ಅಡುಗೆಮನೆ, ಹಿಂದೆ ಸಿಮೆಂಟು ಹಾಕಿದ ಅಂಗಳ, ಅಂಗಳದ ಮೂಲೆಯಲ್ಲಿ ನಲ್ಲಿ, ಒಗೆಯುವ ಕಲ್ಲು, ಪಕ್ಕದಲ್ಲಿ ಬಾಗಿಲಿರುವ ಒಂದು ಸಣ್ಣ ಸಾಮಾನಿನ ಕೋಣೆ. ಭಾವ ತೀರಿಕೊಂಡಾಗ ಅಕ್ಕನಿಗೆ ಉಳಿದದ್ದು ಇಷ್ಟು. ಅದರಲ್ಲೇ ನಾಯಿಗಳು, ಅದರಲ್ಲೇ ನಾವು.

ಇದಕ್ಕೂ ಮೊದಲು ಅವಳು ಇಪ್ಪತ್ತೆರಡು ವರ್ಷ ಶಾಲೆಯ ವ್ಯಾನಿನಲ್ಲಿ ಆಯಾ ಆಗಿದ್ದಳು. ಬೆಳಿಗ್ಗೆ ಮಕ್ಕಳನ್ನು ಅವರವರ ಗೇಟಿನಲ್ಲಿ ಹತ್ತಿಸಿಕೊಳ್ಳುವುದು, ಸಂಜೆ ಅದೇ ಗೇಟಿಗೆ ಇಳಿಸುವುದು. ವ್ಯಾನು ಹೊರಡುವ ಮುಂಚೆ ಒಂದೊಂದು ತಲೆಯನ್ನೂ ಬೆರಳಿನಿಂದ ಮುಟ್ಟಿ ಎಣಿಸುತ್ತಿದ್ದಳಂತೆ. ಆ ಅಭ್ಯಾಸ ಹೋಗಿಲ್ಲ. ಈಗಲೂ ಬೆಳಿಗ್ಗೆ ಎದ್ದವಳೇ ನಾಯಿಗಳ ತಲೆ ಮುಟ್ಟಿ ಎಣಿಸುತ್ತಾಳೆ. ನಾಯಿಯ ಮಾಲೀಕರನ್ನು ಇವಳು ಮಾಲೀಕರು ಎನ್ನುವುದೂ ಇಲ್ಲ, ತಂದೆ ತಾಯಿ ಎನ್ನುತ್ತಾಳೆ. ಫೋನು ಮಾಡಿ, "ನಿಮ್ಮ ಮಗ ಇವತ್ತು ಸರಿಯಾಗಿ ಊಟ ಮಾಡ್ಲಿಲ್ಲ, ನಿಮ್ಮನ್ನ ನೆನೆಸ್ಕೊಂಡಿರಬೇಕು" ಎಂದು ಹೇಳುವಾಗ ನನಗೆ ನಗು ತಡೆಯುವುದೇ ಕಷ್ಟ. ಆದರೆ ಆ ಕಡೆಯವರು ಅತ್ತದ್ದನ್ನೂ ನಾನು ಕೇಳಿಸಿಕೊಂಡಿದ್ದೇನೆ.

ಹನ್ನೊಂದು ವರ್ಷದಲ್ಲಿ ಈ ಮನೆಯಲ್ಲಿ ಒಂದು ನಾಯಿ ಇನ್ನೊಂದನ್ನು ಕಚ್ಚಿದ್ದಿಲ್ಲ. ಅದು ಅಕ್ಕನ ಹೆಮ್ಮೆ, ಅದಕ್ಕೆ ಕಾರಣ ಒಂದು ಟವೆಲ್. ಒಳಬಾಗಿಲ ಮೊಳೆಗೆ ನೇತಾಡುವ ಒಂದು ಹಳೆಯ ದಪ್ಪ ಟವೆಲ್ಲು. ದಿನಾ ಬೆಳಿಗ್ಗೆ ಅಂಗಳಕ್ಕೆ ಹೋಗಿ ಬಂದ ನಾಯಿಗಳ ಮೈಯನ್ನು ಅಕ್ಕ ಅದರಲ್ಲೇ ಒರೆಸುತ್ತಾಳೆ, ಮುಖದಿಂದ ಹಿಡಿದು ಬಾಲದವರೆಗೆ. ಹೊಸ ನಾಯಿ ಬಂದಾಗ ಅದನ್ನು ಒಳಗೆ ಬಿಡುವ ಮುಂಚೆ ಹೊಸ್ತಿಲಲ್ಲೇ ಕೂರಿಸಿಕೊಂಡು ಅದೇ ಟವೆಲ್ಲಿನಿಂದ ಚೆನ್ನಾಗಿ ತಿಕ್ಕುತ್ತಾಳೆ. ಒಳಗಿದ್ದವು ಬಂದು ಮೂಸಿ ನೋಡಿದರೆ ತಮ್ಮದೇ ವಾಸನೆ. ಇದು ನಮ್ಮ ಪೈಕಿಯೇ ಎಂದುಕೊಂಡು ಸುಮ್ಮನಾಗುತ್ತವೆ. ವ್ಯಾನಿನಲ್ಲಿ ಹೊಸ ಮಗು ಅತ್ತರೆ ಹಳೆಯ ಮಗುವಿನ ಸ್ವೆಟರ್ ಹೊದೆಸಿ ಪಕ್ಕದಲ್ಲಿ ಕೂರಿಸುತ್ತಿದ್ದೆ, ಅಲ್ಲಿಂದ ಕಲಿತದ್ದು ಎನ್ನುತ್ತಾಳೆ.

ಆಸ್ಪತ್ರೆಯ ಬಟ್ಟೆ ಒಗೆದ ಕೈ ನನ್ನದು. ಒಂದೇ ಟವೆಲ್ಲಿನಲ್ಲಿ ಐದು ನಾಯಿಗಳ ಮೈ ಒರೆಸುವುದನ್ನು ಕಂಡರೆ ಹೇಗಾಗಿರಬೇಡ. ಬಂದ ಮೊದಲ ವಾರವೇ ಜಗಳ ಮಾಡಿದೆ. ದಿನಾ ಕುದಿಸಬೇಕು ಎಂದು ನಾನು, ಕುದಿಸಿದರೆ ವಾಸನೆಯೇ ಹೋಗುತ್ತದೆ, ಆಮೇಲೆ ಟವೆಲ್ ಇದ್ದೇನು ಉಪಯೋಗ ಎಂದು ಅವಳು. ಕೊನೆಗೆ ಒಂದು ಒಪ್ಪಂದವಾಯಿತು. ಭಾನುವಾರ ನಾನು ಅದನ್ನು ಕುದಿಸುವುದು. ಮಧ್ಯೆ ಯಾವ ನಾಯಿಗಾದರೂ ಹೊಟ್ಟೆ ಕೆಟ್ಟರೆ, ಕೆಮ್ಮು ಬಂದರೆ, ಆ ಕ್ಷಣವೇ ಟವೆಲ್ಲು ಬ್ಲೀಚಿಂಗ್ ನೀರಿಗೆ. ಅಂದಿನಿಂದ ಅಕ್ಕ ನನ್ನನ್ನು ಬ್ಲೀಚಮ್ಮ ಎಂದು ಕರೆಯತೊಡಗಿದಳು. ಅಂಗಳ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಯಾವ ನಾಯಿ ಎಷ್ಟು ಸಲ ಕೂತಿತು, ಗಟ್ಟಿಯೋ ತೆಳುವೋ, ಎಲ್ಲವನ್ನೂ ನೋಡಿ ಬಂದು ಅಕ್ಕನಿಗೆ ವರದಿ ಒಪ್ಪಿಸಬೇಕು. ಮೂವತ್ತೊಂದು ವರ್ಷದ ಸೇವೆಯ ನಂತರ ನನಗೆ ಸಿಕ್ಕ ಬಡ್ತಿ ಅದು.

ಈಗ ನಮ್ಮ ಮನೆತನದ ರೋಗದ ವಿಷಯ. ನಮ್ಮಲ್ಲಿ ಯಾರೂ ಕೂಗಾಡಿ ಜಗಳವಾಡುವುದಿಲ್ಲ, ಮಾತು ಬಿಡುತ್ತೇವೆ. ನಮ್ಮಪ್ಪನೂ ಚಿಕ್ಕಪ್ಪನೂ ಒಂದೇ ಅಂಗಡಿಯಲ್ಲಿ ಎದುರುಬದುರು ಕೂತು ಎರಡು ವರ್ಷ ಮಾತಾಡಿರಲಿಲ್ಲ. ಗಿರಾಕಿಗಳ ಬಾಯಲ್ಲಿ ಹೇಳಿಸುತ್ತಿದ್ದರು. ಅಕ್ಕನೂ ನಾನೂ ಅದೇ ರಕ್ತ. ಮೊದಲು ಮಾತಾಡಿದವಳು ಸೋತಂತೆ. ಅರವತ್ತು ದಾಟಿದ ಇಬ್ಬರು ಹೆಂಗಸರು ಟೂ ಬಿಟ್ಟ ಮಕ್ಕಳ ಹಾಗೆ ಮುಖ ಊದಿಸಿಕೊಂಡು ಓಡಾಡುವುದು ನೋಡುವವರಿಗೆ ತಮಾಷೆಯೇ ಇರಬೇಕು. ಅಷ್ಟಾಗಿಯೂ ಮನೆ ನಡೆಯಬೇಕಲ್ಲ, ಆಗ ನಾಯಿಗಳ ಮೂಲಕ ಮಾತಾಡುತ್ತೇವೆ. ನಮ್ಮಲ್ಲಿ ಆಗಾಗ ಬಂದು ಇರುವ ಒಕ್ಕಣ್ಣಿನ ಮುದಿ ಹೆಣ್ಣುನಾಯಿ ಒಂದಿದೆ, ದೊರೆಸಾನಿ ಎಂದು ನಾವೇ ಇಟ್ಟ ಹೆಸರು. "ದೊರೆಸಾನಿಯವರೇ, ಗ್ಯಾಸ್ ಮುಗೀತಾ ಬಂದಿದೆ ಅಂತ ನಿಮ್ಮ ಅಮ್ಮನಿಗೆ ಹೇಳಿ" ಎಂದು ನಾನು. "ದೊರೆಸಾನಿ, ನಿನ್ನೆಯೇ ಹೇಳಾಗಿದೆ ಅಂತ ಅವಳಿಗೆ ಹೇಳು" ಎಂದು ಅಕ್ಕ. ಆ ಪಾಪದ್ದು ಒಂದೇ ಕಣ್ಣಲ್ಲಿ ಅತ್ತ ಇತ್ತ ನೋಡುತ್ತಾ ಕೂತಿರುತ್ತದೆ.

ಆ ಸಲ ಮಾತು ಬಿಟ್ಟದ್ದು ಒಂದು ಚಪ್ಪಲಿಗಾಗಿ. ಬ್ಯಾಂಕಿನವರೊಬ್ಬರ ನಾಯಿ ಬಂದಿತ್ತು, ಎಂಟು ತಿಂಗಳಿನದು, ಗುಂಡು ಗುಂಡಾಗಿ, ಮೈ ತುಂಬಾ ಕೂದಲು. ಓಡಾಡುವ ಗತ್ತು ನೋಡಿ ಅಕ್ಕ ಅದನ್ನು ಮ್ಯಾನೇಜರ್ ಎನ್ನುತ್ತಿದ್ದಳು. ಸೋಮವಾರ ಮ್ಯಾನೇಜರ್ ಸಾಹೇಬರು ನನ್ನ ಹೊಸ ಚಪ್ಪಲಿಯ ಪಟ್ಟಿಯನ್ನು ಪೂರ್ತಿ ಅಗಿದು ಹಾಕಿದರು. ನಾನು ರೇಗಿದೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮುಂದಿನ ಸಲ ಎರಡು ಜೊತೆ ತಗೋ ಬ್ಲೀಚಮ್ಮ, ಒಂದು ಅವನಿಗೆ" ಎಂದಳು. ನನಗೆ ಚಪ್ಪಲಿ ಹೋದದ್ದಕ್ಕಿಂತ ಆ ನಗು ಉರಿಯಿತು. ಅಲ್ಲಿಂದ ಬಾಯಿಗೆ ಬೀಗ.

ಗುರುವಾರ ಬೆಳಿಗ್ಗೆ ಅಂಗಳ ತೊಳೆಯಲು ಹೋದಾಗ ಮ್ಯಾನೇಜರ್ ಗೋಡೆ ಪಕ್ಕ ಕೂತಿದ್ದ. ತೆಳ್ಳಗೆ ಹೋಗಿತ್ತು. ಅದರಲ್ಲಿ ರಕ್ತವಿತ್ತು, ಸ್ವಲ್ಪವೇ, ಆದರೆ ನನ್ನ ಕಣ್ಣು ತಪ್ಪುವಂಥದ್ದಲ್ಲ. ವಾಸನೆಯೂ ಬೇರೆ ಥರ. ನಾನು ಬಕೆಟ್ಟಿಗೆ ಬ್ಲೀಚಿಂಗ್ ಪೌಡರ್ ಕಲಸಿ ಸುರಿದೆ, ತಿಕ್ಕಿದೆ, ಹತ್ತು ನಿಮಿಷ ಬಿಟ್ಟು ನೀರು ಹಾಕಿದೆ. ಅಕ್ಕ ಒಳಗೆ ಫೋನಿನಲ್ಲಿದ್ದಳು. ಒಂಬತ್ತು ಗಂಟೆಗೆ ಬ್ಯಾಂಕಿನವರು ಬಂದು ಮ್ಯಾನೇಜರನನ್ನು ಕರೆದೊಯ್ಯುವವರಿದ್ದರು. ಹೋಗುವ ನಾಯಿ, ನಾನೇಕೆ ಬಾಯಿ ಬಿಟ್ಟು ಸೋಲಲಿ ಎಂದುಕೊಂಡೆ. ಆದರೂ ಮನಸ್ಸು ತಡೆಯಲಿಲ್ಲ. ಬಿಸಿಲಿನಲ್ಲಿ ಮಲಗಿದ್ದ ದೊರೆಸಾನಿಯ ಕಡೆ ತಿರುಗಿ, "ಮ್ಯಾನೇಜರ್ ಹೊಟ್ಟೆ ಸರಿ ಇಲ್ಲ ಅಂತ ಹೇಳಿಬಿಡಿ" ಎಂದೆ, ಮೆಲ್ಲಗೆ, ಅಂಗಳದ ಗೋಡೆಗೂ ಕೇಳದಷ್ಟು ಮೆಲ್ಲಗೆ. ಹೇಳಿಯಾಯಿತು ಎಂದು ನನಗೆ ನಾನೇ ಹೇಳಿಕೊಂಡು ಬಕೆಟ್ ಬೋರಲು ಹಾಕಿದೆ.

ಅಕ್ಕ ಹೊರಬಂದವಳು ಎಂದಿನಂತೆ ಟವೆಲ್ಲಿನಿಂದ ಮ್ಯಾನೇಜರನ ಮುಖ, ಹೊಟ್ಟೆ, ಹಿಂಗಾಲು ಎಲ್ಲ ಒರೆಸಿ, ನೆತ್ತಿಗೊಂದು ಮುತ್ತು ಕೊಟ್ಟು ಕಳುಹಿಸಿದಳು. ಟವೆಲ್ಲು ಮತ್ತೆ ಮೊಳೆಗೆ ಹೋಯಿತು. ನಾನು ನೋಡಿದೆ.

ಅದೇ ಸಂಜೆ ಲಾರಿ ಡ್ರೈವರು ಬಂದ. ದೂರದ ಓಡಾಟದ ಲಾರಿ, ಒಂದು ಸಲ ಹೊರಟರೆ ವಾರವೂ ಆಗುತ್ತದೆ, ಹತ್ತು ದಿನವೂ ಆಗುತ್ತದೆ. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಎರಡು ತಿಂಗಳ ಹಿಂದೆ ಎಲ್ಲೋ ನಿಲ್ಲಿಸಿದ ಲಾರಿಯ ಕೆಳಗೆ, ಸ್ಟೆಪ್ನಿ ಚಕ್ರದ ನೆರಳಿನಲ್ಲಿ ಅವನಿಗೊಂದು ಮರಿ ಸಿಕ್ಕಿತ್ತು. ಅದಕ್ಕೇ ಅದರ ಹೆಸರು ಸ್ಟೆಪ್ನಿ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡದ್ದು. ಎಲ್ಲ ಇಂಜೆಕ್ಷನ್ ಮುಗಿಯದ ಮರಿಯನ್ನು ಅಕ್ಕ ಯಾರೇ ಬಂದರೂ ಒಳಗೆ ಸೇರಿಸುತ್ತಿರಲಿಲ್ಲ. ಸ್ಟೆಪ್ನಿಗೆ ಇನ್ನೂ ಮೂರನೆಯದು ಬಾಕಿ. ಆದರೆ ಮೊದಲ ಸಲ ಬಂದಾಗ ಆ ಮನುಷ್ಯ ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಬಾಗಿಲಲ್ಲಿ ನಿಂತ ರೀತಿಗೆ ಅಕ್ಕ ಕರಗಿಬಿಟ್ಟಿದ್ದಳು.

"ಈ ಸಲ ಸ್ವಲ್ಪ ಜಾಸ್ತಿ ದಿನ ಆಗುತ್ತೆ ಅಕ್ಕಾ," ಎಂದ ಅವನು. "ಬಂದ ತಕ್ಷಣ ಮೂರನೇ ಇಂಜೆಕ್ಷನ್ ಹಾಕಿಸ್ತೀನಿ."

"ನೀವು ಹುಷಾರಾಗಿ ಹೋಗಿ ಬನ್ನಿ. ಮಗನ ಚಿಂತೆ ಬಿಡಿ," ಎಂದಳು ಅಕ್ಕ. ಹೊಸ್ತಿಲಲ್ಲಿ ಕೂತು, ಮೊಳೆಯಿಂದ ಟವೆಲ್ ತೆಗೆದು, ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕಿದಳು. ಅದು ಟವೆಲ್ಲಿನ ತುದಿಯನ್ನು ಕಚ್ಚಿ ಎಳೆಯಿತು, ನೆಕ್ಕಿತು, ಆಟವಾಡಿತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಒಂದೇ ಒಂದು ಮಾತು ಬೇಕಾಗಿತ್ತು. ನನ್ನ ಹಟ ದೊಡ್ಡದಾಯಿತು.

ಶನಿವಾರ ಅಕ್ಕ ಒಂದು ಜೊತೆ ಹೊಸ ಚಪ್ಪಲಿ ತಂದು ನನ್ನ ಕೋಣೆಯ ಮುಂದಿಟ್ಟಳು. "ಕಾಲಿಗೆ ಸರಿಯಾಗುತ್ತಾ ನೋಡು," ಎಂದಳು. ಅವಳೇ ಮೊದಲು ಮಾತಾಡಿದ್ದಳು, ನಾನು ಗೆದ್ದಿದ್ದೆ. ಅಲ್ಲಿಂದ ಮಾತು ಶುರುವಾಯಿತು. ಆಗಲಾದರೂ ಹೇಳಬಹುದಿತ್ತಲ್ಲ? ಹೇಳಲಿಲ್ಲ. ಮರಿ ಮನೆ ತುಂಬಾ ನೆಗೆದಾಡುತ್ತಿತ್ತು, ಸುಮ್ಮನೆ ಇಲ್ಲದ ಗಾಬರಿ ಯಾಕೆ ಎಂದುಕೊಂಡೆ. ಭಾನುವಾರ ಟವೆಲ್ಲನ್ನು ಎಂದಿಗಿಂತ ಹೆಚ್ಚು ಹೊತ್ತು ಕುದಿಸಿದೆ.

ಮಂಗಳವಾರ ಬೆಳಿಗ್ಗೆ ಅಕ್ಕ ತಲೆ ಎಣಿಸುವಾಗ ಸ್ಟೆಪ್ನಿ ಏಳಲಿಲ್ಲ. ಮುಖದ ಹತ್ತಿರ ಅನ್ನ ಹಿಡಿದರೆ ತಲೆ ಆಚೆ ತಿರುಗಿಸಿತು. ಹತ್ತು ಗಂಟೆಯ ಹೊತ್ತಿಗೆ ನೊರೆ ನೊರೆಯಾಗಿ ವಾಂತಿ. ಹನ್ನೊಂದಕ್ಕೆ ಭೇದಿ, ರಕ್ತ, ಗುರುವಾರ ಅಂಗಳದಲ್ಲಿ ಬಂದ ಅದೇ ವಾಸನೆ.

ನಾಯಿಗಳ ಡಾಕ್ಟರು ಸ್ಕೂಟರಿನಲ್ಲಿ ಬಂದಳು. ಮೂವತ್ತರ ಹುಡುಗಿ, ಯಾವಾಗಲೂ ಗಡಿಬಿಡಿ, ಆದರೆ ಕೈ ಮಾತ್ರ ನಿಧಾನ. ಒಂದು ಪಟ್ಟಿಯಲ್ಲಿ ಪರೀಕ್ಷೆ ಮಾಡಿದಳು. ಎರಡು ಗೆರೆ ಮೂಡಿದವು.

"ಪಾರ್ವೋ," ಎಂದಳು. "ಮರಿಗಳಿಗೆ ಬರೋ ವೈರಸ್ಸು. ಕರುಳನ್ನೇ ತಿಂದು ಹಾಕುತ್ತೆ. ಇದಕ್ಕೆ ಅಂತ ನೇರ ಔಷಧಿ ಇಲ್ಲ. ಡ್ರಿಪ್ ಹಾಕ್ತೀನಿ, ವಾಂತಿ ನಿಲ್ಲೋಕೆ ಇಂಜೆಕ್ಷನ್ ಕೊಡ್ತೀನಿ. ನಾಲ್ಕೈದು ದಿನ ತಡ್ಕೊಂಡ್ರೆ ಬದುಕುತ್ತೆ."

"ತಡ್ಕೊಳ್ಳದಿದ್ರೆ?" ಎಂದಳು ಅಕ್ಕ.

ಡಾಕ್ಟರು ಸೂಜಿ ಸಿದ್ಧ ಮಾಡುತ್ತಾ, "ನನ್ನ ಕ್ಲಿನಿಕ್ಕಿನಲ್ಲಿ ಇಂಥವನ್ನ ಬೇರೆ ಇಡೋಕೆ ಜಾಗ ಇಲ್ಲ. ಇಲ್ಲೇ ನೋಡ್ಕೊಳ್ಳೋಕೆ ಆಗುತ್ತಾ?" ಎಂದು ಕೇಳಿದಳು.

"ನಾನು ನೋಡ್ಕೋತೀನಿ," ಎಂದಳು ಅಕ್ಕ.

ಅಂಗಳದ ಮೂಲೆಯ ಸಾಮಾನಿನ ಕೋಣೆಯನ್ನು ಖಾಲಿ ಮಾಡಿದೆವು. ಅಕ್ಕ ಮೊದಲು ಫಿನಾಯಿಲ್ ಹಿಡಿದುಕೊಂಡು ಬಂದಳು. "ಅದನ್ನ ಆಚೆ ಇಡು, ಅದಕ್ಕೆಲ್ಲ ಈ ವೈರಸ್ಸು ಜಗ್ಗಲ್ಲ," ಎಂದೆ. ಈ ಒಂದು ವಿಷಯ ನನಗೆ ಗೊತ್ತಿತ್ತು. ಬ್ಲೀಚಿಂಗ್ ನೀರು ಎಷ್ಟು ಗಟ್ಟಿ ಇರಬೇಕು, ಎಷ್ಟು ನಿಮಿಷ ನೆಲದ ಮೇಲೆ ನಿಲ್ಲಬೇಕು, ಯಾವ ಬಟ್ಟೆ ಸುಡಬೇಕು, ಯಾವುದನ್ನು ಕುದಿಸಬೇಕು, ಎಲ್ಲ ನಾನೇ ಹೇಳಿದೆ. ಹೊಸ್ತಿಲಲ್ಲಿ ಬ್ಲೀಚಿನ ಟ್ರೇ ಇಟ್ಟೆ, ಒಳಗಿನ ಚಪ್ಪಲಿ ಒಳಗೇ, ಹೊರಗಿನದು ಹೊರಗೇ. ಅಕ್ಕನಿಗೆ ನನ್ನ ಹಳೆಯ ಆಸ್ಪತ್ರೆಯ ನಿಲುವಂಗಿ ತೊಡಿಸಿದೆ. ಅವಳು ಒಂದು ಚಾಪೆ, ಒಂದು ದಿಂಬು ತೆಗೆದುಕೊಂಡು ಒಳಗೆ ಹೋದಳು. ಊಟದ ತಟ್ಟೆಯನ್ನು ನಾನು ಬಾಗಿಲ ಹೊರಗಿಟ್ಟು ದೂರ ಸರಿಯುವುದು, ಅವಳು ಬಂದು ತೆಗೆದುಕೊಳ್ಳುವುದು ಎಂದಾಯಿತು.

ಉಳಿದ ನಾಯಿಗಳು ನನ್ನ ಕೊರಳಿಗೆ ಬಿದ್ದವು. ದೊರೆಸಾನಿ ಮತ್ತು ಮೇಷ್ಟರೊಬ್ಬರ ಕಪ್ಪು ನಾಯಿ. ಎರಡಕ್ಕೂ ಇಂಜೆಕ್ಷನ್ ಪೂರ್ತಿ ಆಗಿತ್ತು, ಹೆದರಬೇಕಾಗಿಲ್ಲ ಎಂದಳು ಡಾಕ್ಟರು. ಆದರೂ ಎಲ್ಲರಿಗೂ ತಿಳಿಸಬೇಕು ಎಂದು ಅಕ್ಕ ಒಳಗಿನಿಂದಲೇ ಫೋನು ಹಚ್ಚಿದಳು. ನಾನು ಬಾಗಿಲ ಹೊರಗೆ ನಿಂತು, "ಮರಿಗೆ ಇಂಜೆಕ್ಷನ್ ಮುಗಿದಿರಲಿಲ್ಲ, ಅದೇ ಹೊರಗಿನಿಂದ ತಂತು ಅಂತ ಹೇಳು. ಯಾರೂ ಇಲ್ಲ ಅನ್ನಲ್ಲ," ಎಂದೆ. ಹೌದು, ನಾನೇ ಹಾಗೆ ಹೇಳಿದೆ. ಈಗ ನೆನೆದರೂ ನಾಚಿಕೆಯಾಗುತ್ತದೆ.

"ಮಗು ಮೇಲೆ ಹಾಕ್ಲಾ?" ಎಂದಳು ಅಕ್ಕ. ಅಷ್ಟೇ ಎಂದಳು.

ಮೇಷ್ಟರು ಬಂದು ಕಪ್ಪು ನಾಯಿಯನ್ನು ಕರೆದೊಯ್ದರು. ದೊರೆಸಾನಿಯ ಮನೆಯವರು ದೂರದಲ್ಲಿದ್ದರು, ನಿಮ್ಮ ಹತ್ತಿರವೇ ಇರಲಿ ಎಂದರು. ಬ್ಯಾಂಕಿನವರಿಗೆ ಕರೆ ಹೋದಾಗ ಅಕ್ಕನ ಎರಡೂ ಕೈಯಲ್ಲಿ ಮರಿಯಿತ್ತು, ಫೋನು ಸ್ಪೀಕರಿನಲ್ಲಿತ್ತು.

"ಹೌದು, ನಮ್ಮವನಿಗೂ ಹಾಗೇ ಆಗಿತ್ತು," ಎಂದರು ಅವರು. "ಕೊನೇ ಇಂಜೆಕ್ಷನ್ ಮರೆತುಬಿಟ್ಟಿದ್ವಿ, ನಿಮಗೂ ಹೇಳಿರಲಿಲ್ಲ. ಎರಡು ದಿನ ಒದ್ದಾಡಿ ಈಗ ಹುಷಾರಾಗಿದ್ದಾನೆ. ಮನೆ ತಲುಪುವಾಗ್ಲೇ ಭೇದಿ ಇತ್ತು, ನಿಮ್ಮನೇಲೇ ಶುರುವಾಗಿತ್ತಲ್ಲ, ನೀವು ನೋಡಿರಬೇಕಲ್ವಾ?"

"ಇಲ್ಲ. ನಾನು ನೋಡ್ಲಿಲ್ಲ," ಎಂದಳು ಅಕ್ಕ. "ಅವನನ್ನ ಒರೆಸಿದ ಟವೆಲ್ಲಲ್ಲೇ ಈ ಮಗೂನ ಒರೆಸಿದೆ. ತಪ್ಪು ನಂದೇ."

ಹೊರಗೆ ನಾನು ತಟ್ಟೆ ಹಿಡಿದುಕೊಂಡು ನಿಂತಿದ್ದೆ. ತಟ್ಟೆಯನ್ನು ಕೆಳಗಿಟ್ಟು ಅಡುಗೆಮನೆಗೆ ಬಂದೆ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಡ್ರೈವರು ದಿನಾ ಸಂಜೆ ಫೋನು ಮಾಡುತ್ತಿದ್ದ. ಸರಕು ಇಳಿಸಲು ಸರದಿ ಬಂದಿಲ್ಲ, ಲಾರಿ ಬಿಟ್ಟು ಬರುವಂತಿಲ್ಲ. ಅಕ್ಕ ಒಂದೂ ಮುಚ್ಚಿಡಲಿಲ್ಲ. ಇವತ್ತು ಆರು ಸಲ ವಾಂತಿ, ಇವತ್ತು ನೀರೂ ನಿಲ್ಲಲಿಲ್ಲ, ಹೀಗೆಯೇ ಹೇಳುತ್ತಿದ್ದಳು. ಅವನು ಕೇಳಿಸಿಕೊಂಡು, "ಫೋನನ್ನ ಅದರ ಕಿವಿ ಹತ್ರ ಇಡ್ತೀರಾ ಅಕ್ಕಾ," ಎನ್ನುತ್ತಿದ್ದ. ಏನು ಹೇಳುತ್ತಿದ್ದನೋ ನನಗೆ ಕೇಳಿಸುತ್ತಿರಲಿಲ್ಲ. ಬಾಗಿಲ ಸಂದಿಯಿಂದ ಕಾಣುತ್ತಿದ್ದದ್ದು ಮಡಚಿದ ಆ ಕಿವಿಯನ್ನು ಅಕ್ಕ ಎರಡು ಬೆರಳಿನಿಂದ ಎತ್ತಿ ಹಿಡಿದಿರುವುದು ಮಾತ್ರ.

ಗುರುವಾರ ಮಧ್ಯಾಹ್ನ ಡಾಕ್ಟರು ಬಂದು ಹೋದ ಮೇಲೆ ಮರಿಯ ಮೈ ತಣ್ಣಗಾಗತೊಡಗಿತು. ಒಸಡು ಬಿಳುಚಿಕೊಂಡಿತ್ತು. ಇವತ್ತು ಸಂಜೆ ದಾಟಬೇಕು ಎಂದು ಅವಳು ಗೇಟಿನ ಹತ್ತಿರ ನನಗೆ ಹೇಳಿದ್ದಳು. ನಾನು ಬಿಸಿನೀರಿನ ಬಾಟಲಿಗಳಿಗೆ ಬಟ್ಟೆ ಸುತ್ತಿ ತಂದು ಬಾಗಿಲ ಬಳಿ ಇಟ್ಟೆ. ಒಳಗೆ ಅಕ್ಕ ಮಾತಾಡುತ್ತಿದ್ದಳು. "ನಾನೇ ಕಣೋ ನಿನಗೆ ಇದನ್ನ ಅಂಟಿಸಿದ್ದು. ಒರೆಸಿ ಒರೆಸಿ ಅಂಟಿಸಿದೆ. ವ್ಯಾನಲ್ಲಿ ಒಂದು ಮಗೂನೂ ಕಳ್ಕೊಂಡವಳಲ್ಲ ನಾನು. ನಿನ್ನಪ್ಪನಿಗೆ ನಾನೇನು ಹೇಳ್ಲಿ?"

ಇನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಬಾಗಿಲಿಗೆ ಹಣೆ ಆನಿಸಿ ನಿಂತೆ.

"ಅಕ್ಕಾ, ನೀನಲ್ಲ. ನಾನು. ಮ್ಯಾನೇಜರ್ ಹೋದ ದಿನ ಬೆಳಿಗ್ಗೆ ಅಂಗಳದಲ್ಲಿ ರಕ್ತ ನೋಡಿದ್ದೆ. ನಿಂಗೆ ಹೇಳ್ಲಿಲ್ಲ. ಮಾತು ಬಿಟ್ಟಿದ್ವಲ್ಲ, ಅದಕ್ಕೆ ಹೇಳ್ಲಿಲ್ಲ. ನೀನು ಅದೇ ಟವೆಲ್ ತಗೊಂಡಾಗಲೂ ಅಲ್ಲೇ ನಿಂತಿದ್ದೆ. ಆಗಲೂ ಹೇಳ್ಲಿಲ್ಲ."

ಒಳಗಿನಿಂದ ಸದ್ದಿಲ್ಲ. ಅವಳು ಮತ್ತೆ ಮಾತು ಬಿಟ್ಟಳು, ಈ ಸಲ ಸಾಯುವವರೆಗೆ ಎಂದುಕೊಂಡೆ. ಬಿಟ್ಟರೂ ತಪ್ಪಿಲ್ಲ ಎಂದೂ ಅನಿಸಿತು. ಎಷ್ಟೋ ಹೊತ್ತಾದ ಮೇಲೆ ಅಕ್ಕನ ದನಿ ಬಂತು.

"ಡ್ರಿಪ್ ಬಾಟಲಿ ಮುಗೀತಾ ಬಂತು. ಬಟ್ಟೆ ಬದಲಾಯಿಸ್ಕೊಂಡು ಒಳಗೆ ಬಾ. ನನ್ನೊಬ್ಬಳ ಕೈಲಿ ಆಗ್ತಾ ಇಲ್ಲ ಕಣೇ."

ನನ್ನ ಜನ್ಮದಲ್ಲಿ ಅಕ್ಕ ನನ್ನ ಕೈಲಿ ಆಗುವುದಿಲ್ಲ ಎಂದದ್ದನ್ನು ಕೇಳಿದ್ದು ಅದೇ ಮೊದಲು. ಭಾವ ಹೋದಾಗಲೂ ಎಂದಿರಲಿಲ್ಲ.

ನಾನು ಒಳಗೆ ಹೋದೆ. ಬಾಟಲಿ ಬದಲಿಸಿದೆವು. ಮರಿ ಒಂದು ಹಿಡಿಯಷ್ಟಾಗಿತ್ತು, ಉಸಿರಾಡುವಾಗ ಪಕ್ಕೆಲುಬು ಎಣಿಸಬಹುದಿತ್ತು. ಅಕ್ಕನ ಕಣ್ಣು ಕೆಂಪಾಗಿ, ಕೂದಲು ಕೆದರಿ, ಮೂರು ದಿನದಲ್ಲಿ ಹತ್ತು ವರ್ಷ ಹೆಚ್ಚಾದವಳಂತೆ ಕಂಡಳು. "ಇಲ್ಲಿ ಕೂತ್ಕೋ, ಕೈ ಇಲ್ಲಿಡು," ಎಂದು ನನ್ನ ಅಂಗೈಯನ್ನು ಮರಿಯ ಎದೆಯ ಮೇಲೆ ಇಟ್ಟಳು. ನಾನು ಯಾವತ್ತೂ ಒಂದು ನಾಯಿಯನ್ನು ಹಾಗೆ ಮುಟ್ಟಿದವಳಲ್ಲ. ಅಂಗೈಯ ಕೆಳಗೆ ಆ ಸಣ್ಣ ಗುಂಡಿಗೆ ಟಕಟಕ ಹೊಡೆದುಕೊಳ್ಳುತ್ತಿತ್ತು. ನನಗೆ ಅಳು ಬಂತು. ಅಕ್ಕ ಅಳಬೇಡ ಎನ್ನಲಿಲ್ಲ. "ಕೈ ಅಲ್ಲಾಡಿಸ್ಬೇಡ," ಎಂದಳು, ಗೋಡೆಗೊರಗಿ ಅಲ್ಲೇ ನಿದ್ದೆ ಹೋದಳು.

ಆ ಸಂಜೆಯನ್ನು ಮರಿ ದಾಟಿತು. ಶುಕ್ರವಾರ ವಾಂತಿ ಎರಡೇ ಸಲ. ಶನಿವಾರ ಬೆಳಿಗ್ಗೆ ಕೋಳಿ ಬೇಯಿಸಿದ ನೀರನ್ನು ಚಮಚದಲ್ಲಿ ಹಿಡಿದೆ. ಅದು ನನ್ನ ಮುಖ ನೋಡಿ, ಚಮಚ ನೋಡಿ, ನಾಲಿಗೆ ಚಾಚಿ ನಾಲ್ಕು ಸಲ ನೆಕ್ಕಿತು. ಅರ್ಧ ಗಂಟೆ ಇಬ್ಬರೂ ಉಸಿರು ಬಿಗಿಹಿಡಿದು ಕಾದೆವು. ನೆಕ್ಕಿದ್ದು ಒಳಗೇ ಉಳಿಯಿತು. ಡಾಕ್ಟರು ಬಂದು ಹೊಟ್ಟೆ ಒತ್ತಿ ನೋಡಿ ಮೊದಲ ಸಲ ನಕ್ಕಳು. ಜೊತೆಗೆ, "ಒಂದು ವರ್ಷ ಈ ಮನೆಗೆ ಬೇರೆ ಮರಿ ಸೇರಿಸ್ಬೇಡಿ, ನೆಲದಲ್ಲಿ, ಗೋಡೆಯಲ್ಲಿ ಇರುತ್ತೆ," ಎಂದೂ ಹೇಳಿದಳು. ಮರಿಗಳೆಂದರೆ ಅಕ್ಕನಿಗೆ ಜೀವ. ತಲೆಯಾಡಿಸಿದಳು.

ಡಾಕ್ಟರು ಹೋದ ಮೇಲೆ ಅಕ್ಕ ಅಂಗಳದ ಕಲ್ಲಿನ ಮೇಲೆ ಕೂತು ಟೀ ಕುಡಿಯುತ್ತಾ ಕೇಳಿದಳು, "ಹೋದ ಶನಿವಾರ ಚಪ್ಪಲಿ ತಂದಾಗ ಯಾಕೆ ಹೇಳ್ಲಿಲ್ಲ?"

"ಹೆದರಿಕೆ ಆಯ್ತು," ಎಂದೆ.

"ನಿನ್ನ ಮೇಲೆ ತುಂಬಾ ಸಿಟ್ಟಿದೆ," ಎಂದಳು. "ಇನ್ನೂ ಸ್ವಲ್ಪ ದಿನ ಇರುತ್ತೆ. ಆದ್ರೆ ಮಾತಾಡ್ಕೊಂಡೇ ಸಿಟ್ಟು ಮಾಡ್ತೀನಿ." ಲೋಟ ಬರಿದು ಮಾಡಿ ಮತ್ತೆ ಹೇಳಿದಳು, "ಆ ನಾಲ್ಕು ದಿನ ನಾನೂ ಕೇಳ್ಲಿಲ್ಲವಲ್ಲ. ದಿನಾ ಕೇಳ್ತಿದ್ದೆ, ಇವತ್ತು ಯಾರ ಹೊಟ್ಟೆ ಹೇಗಿದೆ ಅಂತ. ಆ ನಾಲ್ಕು ದಿನ ಬಾಯಿ ಮುಚ್ಕೊಂಡಿದ್ದೆ."

ಸೋಮವಾರ ಹನ್ನೊಂದು ಗಂಟೆಯ ಹೊತ್ತಿಗೆ ಡ್ರೈವರು ಬಂದ. ಗಡ್ಡ ಬೆಳೆದಿತ್ತು, ಅಂಗಿ ಬೆವರಿಗೆ ಅಂಟಿತ್ತು. ನೇರ ಅಂಗಳಕ್ಕೆ ನಡೆದ. ಸ್ಟೆಪ್ನಿ ಗೋಣಿಚೀಲದ ಮೇಲೆ ಮಲಗಿದ್ದದ್ದು ಅವನ ಹೆಜ್ಜೆ ಕೇಳಿ ಎದ್ದಿತು. ಓಡಲು ಹೋಗಿ ಹಿಂಗಾಲು ಕುಸಿದು ಕೂತಿತು, ಮತ್ತೆ ಎದ್ದಿತು, ಮತ್ತೆ ಕೂತಿತು. ಅವನೇ ಮಂಡಿಯೂರಿ ಅದರ ಹತ್ತಿರ ತೆವಳಿಕೊಂಡು ಹೋದ. ಅದರ ಹೊಟ್ಟೆಯಲ್ಲಿ ಮುಖವಿಟ್ಟು ಬಹಳ ಹೊತ್ತು ಹಾಗೇ ಇದ್ದ. ನಾವಿಬ್ಬರೂ ಬೇರೆ ಕಡೆ ನೋಡುತ್ತಾ ನಿಂತೆವು.

ಅವನು ಎದ್ದ ಮೇಲೆ ಅಕ್ಕ ಬಾಯಿ ತೆರೆದಳು. "ಟವೆಲ್ ವಿಷಯ ಫೋನಲ್ಲಿ ಹೇಳಿದ್ದೆ ನಾನು. ತಪ್ಪು..."

"ತಡಿ ಅಕ್ಕಾ," ಎಂದೆ ನಾನು. ಡ್ರೈವರಿನ ಮುಖ ನೋಡಿ ಹೇಳುವುದು ಬಾಗಿಲಿಗೆ ಹಣೆ ಆನಿಸಿ ಹೇಳಿದಷ್ಟು ಸುಲಭವಾಗಿರಲಿಲ್ಲ. ಆದರೂ ಹೇಳಿದೆ. ಚಪ್ಪಲಿ, ಅಕ್ಕನ ನಗು, ಅಂಗಳದ ರಕ್ತ, ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದದ್ದು, ತಪ್ಪನ್ನು ಮರಿ ಮೇಲೆ ಹಾಕಲು ಹೊರಟದ್ದು, ಒಂದನ್ನೂ ಬಿಡಲಿಲ್ಲ. ಹೇಳುತ್ತಾ ಹೋದಂತೆ ಅವನ ಮುಖದ ಬಣ್ಣ ಬದಲಾಯಿತು. ಮರಿಯನ್ನು ಅಂಗಿಯೊಳಗೆ ಸೇರಿಸಿಕೊಂಡು ಗುಂಡಿ ಹಾಕಿಕೊಂಡ. ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ, ಗೇಟಿನ ಕಡೆ ನಡೆದ. ಅಕ್ಕ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. ಹನ್ನೊಂದು ವರ್ಷದಲ್ಲಿ ಈ ಮನೆಯಿಂದ ಯಾರೂ ಹಾಗೆ ಹೋಗಿರಲಿಲ್ಲ.

ಗೇಟು ತೆಗೆದವನು ಅಲ್ಲೇ ನಿಂತ. ಬೆನ್ನು ನಮ್ಮ ಕಡೆಗಿತ್ತು. ಅಂಗಿಯ ಕುತ್ತಿಗೆಯಿಂದ ನೆಟ್ಟಗಿನ ಕಿವಿಯೊಂದು ಹೊರಗೆ ಬಂದಿತ್ತು. ಗೇಟು ಮುಚ್ಚಿ ತಿರುಗಿ ಬಂದ. ನಗಲಿಲ್ಲ.

"ಗುರುವಾರ ಮತ್ತೆ ಲೋಡ್ ಇದೆ," ಎಂದ. "ಇಷ್ಟು ನಿತ್ರಾಣ ಆಗಿರೋದನ್ನ ಲಾರಿಯಲ್ಲಿ ಹಾಕ್ಕೊಂಡು ಹೋಗೋಕಾಗಲ್ಲ. ನಂಗೆ ಬೇರೆ ಯಾರೂ ಇಲ್ಲ, ಬಿಟ್ರೆ ಇಲ್ಲೇ ಬಿಡ್ಬೇಕು." ಆಮೇಲೆ ನನ್ನನ್ನೇ ನೋಡಿ ಕೇಳಿದ, "ಗುರುವಾರದಿಂದ ನಾನು ವಾಪಸ್ ಬರೋವರೆಗೂ ನೀವಿಬ್ರೂ ಮಾತು ಬಿಡಲ್ಲ ತಾನೆ?"

ನಾನು ಅಕ್ಕನ ಕಡೆ ನೋಡಿದೆ. ಅಕ್ಕ ಕಲ್ಲಿನ ಮೇಲಿಂದಲೇ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದಳು.

"ಹೇಳೇ," ಎಂದಳು.

"ಬಿಡಲ್ಲ," ಎಂದೆ.